ಮಗಳನ್ನು ಒಂದನೇ ತರಗತಿಗೆ ಸೇರಿಸುವ ಮುನ್ನ ಕಳೆದ ಬೇಸಿಗೆ ರಜೆ

ಮಗಳ ಶಾಲೆಯ ಕಚೇರಿಗೆ ಕೊನೆಯ ಕಾಗದವನ್ನು ಒಪ್ಪಿಸಿ ಬಂದು ಎರಡು ದಿನಗಳಾದವು. ಮಾರ್ಚ್ ಕೊನೆಯ ವಾರದಲ್ಲಿ ಆರಂಭವಾದ ಓಡಾಟ ಮುಗಿದದ್ದು 2025ರ ಜೂನ್ ಮೊದಲ ವಾರದಲ್ಲಿ. ಈ ನಡುವೆ ವಿಷು ಬಂತು, ಮಗನ ಅನ್ನಪ್ರಾಶನವಾಯಿತು, ತವರಿಗೆ ಹೋಗಿ ಬಂದೆವು, ಕೊಲ್ಲೂರಿನಲ್ಲಿ ಮಗಳ ವಿದ್ಯಾರಂಭ ಮಾಡಿಸಿದೆವು, ಮಲ್ಪೆಯ ಕಡಲಲ್ಲಿ ಆಡಿದೆವು. ಇವೆಲ್ಲದರ ಮಧ್ಯೆ ನೋಂದಣಿ ಕಚೇರಿ, ಆಧಾರ್ ಕೇಂದ್ರ, ನೋಟರಿ ಎಂದು ತಿರುಗಿದ್ದೂ ಆಯಿತು. ಚಿಕ್ಕ ಮಕ್ಕಳಿರುವ ಮನೆಯವರು ಮುಂದಿನ ಬೇಸಿಗೆಯಲ್ಲಿ ನಮ್ಮಂತೆ ಗಾಬರಿಗೊಳ್ಳಬಾರದು ಎಂಬ ಕಾರಣಕ್ಕೆ, ನೆನಪು ಹಸಿಯಾಗಿರುವಾಗಲೇ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮ ಮನೆ ಉಡುಪಿಯಲ್ಲಿದೆ. ಪತಿಯ ಮೂಲಮನೆ ಬ್ರಹ್ಮಾವರದ ಕಡೆ, ನನ್ನ ತವರು ಮೂಡುಬಿದಿರೆಯ ಸಮೀಪದ ಹಳ್ಳಿ. ಮಗಳು ಹುಟ್ಟಿದ್ದು 2019ರ ಅಕ್ಟೋಬರ್‌ನಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಎನ್ನುವುದು ನಮ್ಮಲ್ಲಿಯ ಪದ್ಧತಿಯಾದ್ದರಿಂದ ಅವಳ ಜನನ ದಾಖಲಾದದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಮಗ ಹುಟ್ಟಿದ್ದು 2024ರ ಆಗಸ್ಟ್‌ನಲ್ಲಿ, ಉಡುಪಿಯಲ್ಲಿ. ಈ ಒಂದು ವ್ಯತ್ಯಾಸ ಎಷ್ಟು ಮುಖ್ಯವಾಗುತ್ತದೆ ಎಂದು ನಮಗೆ ಆಗ ತಿಳಿದಿರಲಿಲ್ಲ. ಜನನ ನೋಂದಣಿಯಾಗುವುದು ಮಗು ಹುಟ್ಟಿದ ಊರಿನಲ್ಲಿಯೇ ಹೊರತು ತಂದೆತಾಯಿ ವಾಸಿಸುವ ಊರಿನಲ್ಲಿ ಅಲ್ಲ. ಅದರಲ್ಲಿ ಏನೇ ತಿದ್ದುಪಡಿ ಬೇಕಾದರೂ ಹುಟ್ಟಿದ ಊರಿನ ಕಚೇರಿಗೇ ಹೋಗಬೇಕು. ತವರಿನಲ್ಲಿ ಹೆರಿಗೆಯಾಗುವ ಎಲ್ಲ ಹೆಣ್ಣುಮಕ್ಕಳಿಗೂ ನಾನು ಹೇಳುವ ಮೊದಲ ಮಾತು ಇದು: ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡುವ ಮುನ್ನ ಜನನ ಪ್ರಮಾಣಪತ್ರವನ್ನು ಕೈಗೆ ಪಡೆದು, ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ, ಅಕ್ಷರ ಅಕ್ಷರವಾಗಿ ಓದಿಕೊಳ್ಳಿ.

ಯುಕೆಜಿ ಮುಗಿಯುವ ಹೊತ್ತಿಗೆ ಶಾಲೆಯವರು ಎಲ್ಲ ಪೋಷಕರನ್ನೂ ಕರೆದು ದಾಖಲೆಗಳನ್ನು ಪರಿಶೀಲಿಸಿದರು. ಒಂದನೇ ತರಗತಿಯಲ್ಲಿ ಬರೆಸಿದ ಹೆಸರೇ ಎಸ್‌ಎಟಿಎಸ್ ಎಂಬ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಗೆ ಹೋಗುತ್ತದೆ, ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿಯೂ ಅದೇ ಇರುತ್ತದೆ. ಪ್ರತಿ ವಿದ್ಯಾರ್ಥಿಗೂ ಕೊಡುವ ಅಪಾರ್ ಎಂಬ ಶೈಕ್ಷಣಿಕ ಗುರುತಿನ ಸಂಖ್ಯೆ ಮಾಡಿಸುವಾಗ ಶಾಲೆಯ ದಾಖಲೆಯೂ ಆಧಾರ್ ಕೂಡ ಹೊಂದಿಕೆಯಾಗಬೇಕು. ನಮ್ಮ ಮಗಳ ಕಾಗದಗಳನ್ನು ಎದುರುಬದುರಾಗಿ ಇಟ್ಟು ನೋಡಿದಾಗ ಎರಡು ದೋಷಗಳು ಕಂಡುಬಂದವು. ಅವಳ ಹೆಸರಿನಲ್ಲಿ ಬರುವ 'ತ' ಅಕ್ಷರಕ್ಕೆ ಆಧಾರ್‌ನಲ್ಲಿ ನಮ್ಮ ಕಡೆಯ ರೂಢಿಯಂತೆ ಟಿ ಮತ್ತು ಎಚ್ ಎರಡೂ ಇದ್ದವು; ಜನನ ಪ್ರಮಾಣಪತ್ರದ ಇಂಗ್ಲಿಷ್ ಸಾಲಿನಲ್ಲಿ ಎಚ್ ಇರಲಿಲ್ಲ. ಆಧಾರ್ ಮಾಡಿಸುವಾಗ ಆಸ್ಪತ್ರೆಯಿಂದ ಬಂದ ಚೀಟಿಯನ್ನು ಕೊಟ್ಟಿದ್ದರಿಂದ ಈ ಭಿನ್ನತೆ ಉಳಿದುಹೋಗಿತ್ತು. ಅಷ್ಟೇ ಆಗಿದ್ದರೆ ಆಧಾರ್ ಅನ್ನೇ ಬದಲಾಯಿಸಿಕೊಂಡು ಸುಮ್ಮನಿರಬಹುದಿತ್ತು. ಆದರೆ ಪ್ರಮಾಣಪತ್ರದಲ್ಲಿ ನನ್ನ ಪತಿಯ ಹೆಸರಿನ ನಡುವಿನ ಒಂದು ಅಕ್ಷರವೂ ಬಿಟ್ಟುಹೋಗಿತ್ತು. ಐದೂವರೆ ವರ್ಷ ಆ ಹಾಳೆಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆವು. ಒಮ್ಮೆಯೂ ಪೂರ್ತಿಯಾಗಿ ಓದಿರಲಿಲ್ಲ ಎಂಬುದು ನೆನಪಾಗಿ ನನಗೆ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಇದಲ್ಲದೆ ವಯಸ್ಸಿನ ಪ್ರಶ್ನೆಯೂ ಇತ್ತು. ಜೂನ್ 1ಕ್ಕೆ ಆರು ವರ್ಷ ತುಂಬಿದವರಿಗೆ ಮಾತ್ರ ಒಂದನೇ ತರಗತಿ ಎಂಬ ನಿಯಮ ಈ ವರ್ಷದಿಂದಲೇ ಜಾರಿಗೆ ಬರುವುದಿತ್ತು. ನಮ್ಮ ಮಗಳಿಗೆ ಜೂನ್ 1ಕ್ಕೆ ಐದು ವರ್ಷ ಏಳು ತಿಂಗಳು. ಯುಕೆಜಿ ಮುಗಿಸಿದ ಮಗು ಮತ್ತೆ ಅದೇ ತರಗತಿಯಲ್ಲಿ ಕುಳಿತುಕೊಳ್ಳಬೇಕೆ, ಜೊತೆಯ ಮಕ್ಕಳೆಲ್ಲ ಮುಂದೆ ಹೋದರೆ ಅವಳಿಗೆ ಏನೆಂದು ಹೇಳುವುದು ಎಂದು ಗಂಡಹೆಂಡಿರಿಬ್ಬರೂ ದಿನವೂ ಮಾತನಾಡಿಕೊಳ್ಳುತ್ತಿದ್ದೆವು. ಶಾಲೆಯವರಿಗೂ ಖಚಿತವಾಗಿ ಏನನ್ನೂ ಹೇಳಲು ಆಗುತ್ತಿರಲಿಲ್ಲ. ಕಾಗದಗಳನ್ನು ಸರಿಮಾಡಿಟ್ಟುಕೊಳ್ಳಿ, ಆದೇಶ ಬಂದರೆ ತಡವಾಗಬಾರದು ಎಂದರು. ಅದೇ ಸರಿಯಾದ ಸಲಹೆಯಾಗಿತ್ತು.

ಮಗನ ವಿಷಯದಲ್ಲಿಯೂ ಒಂದು ಕೆಲಸ ಬಾಕಿಯಿತ್ತು. ಆಸ್ಪತ್ರೆಯಲ್ಲಿ ಜನನದ ನಮೂನೆ ತುಂಬುವಾಗ ನಾಮಕರಣ ಆಗಿರಲಿಲ್ಲವಾದ್ದರಿಂದ ಹೆಸರಿನ ಜಾಗ ಖಾಲಿಯಾಗಿಯೇ ಉಳಿದಿತ್ತು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಅನಂತರ 15 ವರ್ಷದವರೆಗೆ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಮುಂತಾದವುಗಳಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದನ್ನೇ ಪರಿಗಣಿಸುವುದರಿಂದ ಇದನ್ನು ಮುಂದೂಡುವುದು ಜಾಣತನವಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಇಬ್ಬರ ಸಹಿ, ಇಬ್ಬರ ಆಧಾರ್ ಪ್ರತಿಗಳೊಂದಿಗೆ ಅರ್ಜಿ ಕೊಟ್ಟೆವು. ಎರಡು ವಾರದೊಳಗೆ ಹೆಸರಿರುವ ಪ್ರಮಾಣಪತ್ರ ಸಿಕ್ಕಿತು. ಹುಟ್ಟಿದ ಊರಿನಲ್ಲಿಯೇ ಇದ್ದುದರಿಂದ ಎಷ್ಟು ಸಲೀಸಾಯಿತು ಎಂಬುದು ಮಗಳ ಕೆಲಸಕ್ಕೆ ಹೊರಟಾಗ ಅರ್ಥವಾಯಿತು.

ಏಪ್ರಿಲ್ 14ರ ವಿಷುವಿಗೆ ಬ್ರಹ್ಮಾವರದ ಮನೆಗೆ ಹೋದೆವು. ಮಗನಿಗೆ ಎಂಟನೆಯ ತಿಂಗಳು ನಡೆಯುತ್ತಿತ್ತು. ಗಂಡುಮಗುವಿಗೆ ಆರು ಇಲ್ಲವೇ ಎಂಟರಲ್ಲಿ ಅನ್ನ ತಿನ್ನಿಸಬೇಕು ಎಂಬುದು ಅತ್ತೆಯವರ ಲೆಕ್ಕ. ಆರರಲ್ಲಿ ಅವನಿಗೆ ಶೀತ ಜ್ವರವಿದ್ದುದರಿಂದ ತಪ್ಪಿತ್ತು. ಹಾಗಾಗಿ ವಿಷುವಿನ ದಿನವೇ ಅನ್ನಪ್ರಾಶನವನ್ನು ಇಟ್ಟುಕೊಂಡರು. ಬೆಳಗಿನ ಜಾವ ಅತ್ತೆಯವರು ಮಗಳ ಕಣ್ಣು ಮುಚ್ಚಿಕೊಂಡು ದೇವರ ಕೋಣೆಗೆ ಕರೆತಂದು ಹಬ್ಬದ ಮೊದಲ ನೋಟವಾದ ಕಣಿ ತೋರಿಸಿದರು. ಸೌತೆಕಾಯಿ, ಹಲಸು, ಮಾವಿನಹಣ್ಣು, ಗೇರುಹಣ್ಣುಗಳ ನಡುವೆ ಇಟ್ಟ ಕನ್ನಡಿಯಲ್ಲಿ ತನ್ನ ಮುಖ ಕಂಡು ಅವಳು ಬಹಳ ಹೊತ್ತು ಅಲ್ಲಿಂದ ಏಳಲಿಲ್ಲ. ಹತ್ತು ಗಂಟೆಗೆ ನನ್ನ ತಮ್ಮನ ತೊಡೆಯ ಮೇಲೆ ಮಗನನ್ನು ಕುಳ್ಳಿರಿಸಿ, ಉಂಗುರವನ್ನು ಅದ್ದಿ ಪಾಯಸವನ್ನು ತುಟಿಗೆ ಮುಟ್ಟಿಸಿದೆವು. ಮೊದಲನೆಯದನ್ನು ಉಗುಳಿದ, ಎರಡನೆಯದಕ್ಕೆ ತಾನೇ ಬಾಯಿ ಚಾಚಿದ. ಮಾವನವರು ಮೊಮ್ಮಗಳನ್ನು ಹತ್ತಿರ ಕರೆದು, "ಈ ವರ್ಷ ನೀನು ದೊಡ್ಡ ಶಾಲೆಗೆ ಹೋಗುತ್ತೀಯಲ್ಲ ಮಗಾ" ಎಂದು ನೂರರ ನೋಟು ಕೊಟ್ಟಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಎರಡು ದಿನ ಕಳೆದು, ಏಪ್ರಿಲ್ 16ರಂದು ಸರ್ಕಾರ ಸಡಿಲಿಕೆ ಘೋಷಿಸಿತು. 2025-26ನೇ ಸಾಲಿಗೆ ಮಾತ್ರ, ಜೂನ್ 1ಕ್ಕೆ ಐದು ವರ್ಷ ಐದು ತಿಂಗಳು ತುಂಬಿ ಯುಕೆಜಿ ಮುಗಿಸಿದ ಮಕ್ಕಳನ್ನು ಒಂದನೇ ತರಗತಿಗೆ ಸೇರಿಸಿಕೊಳ್ಳಬಹುದು ಎಂದಾಯಿತು. ಸುದ್ದಿ ಓದಿದ ಕೂಡಲೇ ಅತ್ತೆಯವರು ದೇವರ ಮುಂದೆ ಒಂದು ತೆಂಗಿನಕಾಯಿ ಇಟ್ಟರು. ಈ ಸಡಿಲಿಕೆ ಒಂದೇ ಬಾರಿಗೆ ಎಂದು ಆಗಲೇ ಸ್ಪಷ್ಟವಾಗಿ ಹೇಳಿದ್ದಾರೆ. 2026-27ರಿಂದ ಆರು ವರ್ಷ ತುಂಬಿರಲೇಬೇಕು ಎಂದಿದ್ದರು. ಆದ್ದರಿಂದ ಈಗ ಎಲ್‌ಕೆಜಿಗೆ ಸೇರಿಸುವವರು ಜೂನ್ 1ಕ್ಕೆ ನಾಲ್ಕು ವರ್ಷ ತುಂಬುತ್ತದೆಯೇ ಎಂದು ನೋಡಿಕೊಂಡು ಮುಂದುವರಿಯುವುದು ಒಳ್ಳೆಯದು.

ಏಪ್ರಿಲ್ 20ರ ಭಾನುವಾರ ಕಾರ್ಕಳದ ದಾರಿಯಾಗಿ ತವರಿಗೆ ಹೊರಟೆವು. ಮಗಳಿಗೆ ಗೊಮ್ಮಟನನ್ನು ತೋರಿಸಬೇಕೆಂದು ಬೆಳಿಗ್ಗೆ ಬೇಗನೇ ಮನೆ ಬಿಟ್ಟಿದ್ದೆವು, ಏಕೆಂದರೆ ಬಿಸಿಲೇರಿದ ಮೇಲೆ ಆ ಬಂಡೆಯ ಮೇಲೆ ಬರಿಗಾಲಲ್ಲಿ ನಿಲ್ಲಲಾಗುವುದಿಲ್ಲ. 1432ರಲ್ಲಿ ನಿಲ್ಲಿಸಿದ 42 ಅಡಿಯ ಮೂರ್ತಿಯ ಕಾಲ ಬಳಿ ನಿಂತು ತಲೆಯೆತ್ತಿ ನೋಡಿದ ಅವಳು ಕೇಳಿದ ಪ್ರಶ್ನೆ, ಇವರ ಕಾಲಿಗೆ ಸುತ್ತಿಕೊಂಡ ಬಳ್ಳಿಯನ್ನು ಯಾರೂ ಏಕೆ ಬಿಡಿಸಲಿಲ್ಲ ಎಂಬುದು. ಬಾಹುಬಲಿಯ ಕಥೆಯನ್ನು ಅವಳಪ್ಪ ಮೆಟ್ಟಿಲಿಳಿಯುತ್ತಾ ಹೇಳಿ ಮುಗಿಸಿದರು.

ಮರುದಿನ ಸೋಮವಾರ ಜನನ ನೋಂದಣಿ ಕಚೇರಿಗೆ ಹೋದೆವು. ಅಲ್ಲಿಯ ಸಿಬ್ಬಂದಿ ಸೌಜನ್ಯದಿಂದಲೇ ಮಾತನಾಡಿಸಿದರಾದರೂ ಯಾವ ಕಾಗದಗಳು ಬೇಕು ಎಂಬುದನ್ನು ಒಂದೇ ಬಾರಿಗೆ ಹೇಳಲಿಲ್ಲ. ಒಂದು ಗಂಟೆ ಕಾದ ಬಳಿಕ, ಪ್ರಮಾಣಪತ್ರ ಮುದ್ರಿಸುವಾಗ ತಪ್ಪಾಗಿದೆಯೇ ಅಥವಾ ಮೂಲ ನೋಂದಣಿಯಲ್ಲಿಯೇ ತಪ್ಪಿದೆಯೇ ಎಂದು ನೋಡಬೇಕು ಎಂದರು. ಮೂಲವನ್ನು ತೆಗೆಸಿ ನೋಡಿದಾಗ ಅಲ್ಲಿಯೇ ಎರಡೂ ತಪ್ಪುಗಳಿದ್ದವು. ಆಸ್ಪತ್ರೆಯಲ್ಲಿ ಬರೆದುಕೊಂಡ ನಮೂನೆ ಏನು ಹೇಳುತ್ತದೆ ಎಂಬುದಕ್ಕೆ ಆಸ್ಪತ್ರೆಯಿಂದ ಪತ್ರ ತರಬೇಕು, ಅಫಿಡವಿಟ್ ಬೇಕು, ವಿಷಯ ಬಲ್ಲ ಇಬ್ಬರ ಹೇಳಿಕೆಯೂ ಬೇಕು ಎಂದರು. ಕಚೇರಿಯ ಹೊರಗೆ ಮಗನನ್ನು ಎತ್ತಿಕೊಂಡು ನಿಂತಿದ್ದ ನನ್ನ ಅಮ್ಮ, ಮತ್ತೆ ಬರಬೇಕು ಎಂದಾಗ ಏನೂ ಹೇಳದೆ ಛತ್ರಿ ಬಿಡಿಸಿದರು. ಹೆರಿಗೆಯಾದ ಆಸ್ಪತ್ರೆಯಲ್ಲಿ ಹಳೆಯ ದಾಖಲೆ ಹುಡುಕಲು ಎರಡು ದಿನ ಹಿಡಿಯಿತು. ನನ್ನ ಬಿಡುಗಡೆ ಪತ್ರದ ಸಂಖ್ಯೆ ಜೊತೆಗಿದ್ದುದರಿಂದ ಅಷ್ಟರಲ್ಲಿಯಾದರೂ ಮುಗಿಯಿತು. ಹೆರಿಗೆಯ ಬಿಡುಗಡೆ ಪತ್ರವನ್ನೂ ತಾಯಿ ಕಾರ್ಡನ್ನೂ ಮಗು ಶಾಲೆಗೆ ಸೇರುವವರೆಗೆ ಎಸೆಯಬೇಡಿ. ಆ ಆಸ್ಪತ್ರೆಯ ನಮೂನೆಯಲ್ಲಿ ಪತಿಯ ಹೆಸರು ಸರಿಯಾಗಿತ್ತು. ಮಗಳ ಹೆಸರನ್ನು ಇಂಗ್ಲಿಷಿನಲ್ಲಿ ನಾವು ಕೊಟ್ಟಿರಲೇ ಇಲ್ಲ, ಕನ್ನಡದಿಂದ ಯಾರೋ ಬರೆದುಕೊಂಡಿದ್ದರು.

ಅಫಿಡವಿಟ್‌ಗೆ ನೂರು ರೂಪಾಯಿಯ ಇ-ಸ್ಟಾಂಪ್ ಕಾಗದ, ಟೈಪಿಂಗ್ ಮತ್ತು ನೋಟರಿಗೆ ಸೇರಿ ಮುನ್ನೂರು ರೂಪಾಯಿ ಖರ್ಚಾಯಿತು. ಹೇಳಿಕೆ ಕೊಡಲು ನನ್ನ ದೊಡ್ಡಮ್ಮ ಮತ್ತು ಪಕ್ಕದ ಮನೆಯ ಹಿರಿಯರೊಬ್ಬರು ಬಂದರು. ದೊಡ್ಡಮ್ಮನ ಆಧಾರ್‌ನಲ್ಲಿ ವಿಳಾಸ ಹಳೆಯದಿದ್ದುದರಿಂದ ಸ್ವಲ್ಪ ಹೊತ್ತು ಚರ್ಚೆಯಾಗಿ ಕೊನೆಗೆ ಒಪ್ಪಿಕೊಂಡರು. 23ನೇ ತಾರೀಖು ಅರ್ಜಿ ಸ್ವೀಕಾರವಾಯಿತು. ಹತ್ತರಿಂದ ಹದಿನೈದು ದಿನ ಆಗುತ್ತದೆ, ಫೋನ್ ಮಾಡಿ ಬನ್ನಿ ಎಂದರು. ಸ್ವೀಕೃತಿ ಚೀಟಿಯ ಫೋಟೊವನ್ನು ಪತಿ, ತಮ್ಮ ಮತ್ತು ನಾನು ಮೂವರೂ ಮೊಬೈಲಿನಲ್ಲಿ ಇಟ್ಟುಕೊಂಡೆವು.

ಪತಿ ಉಡುಪಿಗೆ ಮರಳಿದರು. ನಾನು ಮಕ್ಕಳೊಂದಿಗೆ ತವರಿನಲ್ಲಿ ಉಳಿದೆ. ಆ ನಾಲ್ಕೈದು ದಿನಗಳು ಈ ಬೇಸಿಗೆಯಲ್ಲಿಯೇ ಅತ್ಯಂತ ಸುಖದ ದಿನಗಳು. ಅಮ್ಮ ಜಗಲಿಯಲ್ಲಿ ಹಲಸಿನ ಹಪ್ಪಳಕ್ಕೆ ಕುಳಿತರೆ ಮಗಳು ಉಂಡೆ ಕಟ್ಟಿ ಕೊಡುತ್ತಿದ್ದಳು. ಮಗ ಆ ಜಗಲಿಯ ತಣ್ಣನೆಯ ಕಾವಿ ನೆಲದ ಮೇಲೆ ಮೊದಲ ಬಾರಿಗೆ ಎರಡೂ ಮಂಡಿಯೂರಿ ಅಂಬೆಗಾಲಿಟ್ಟು ಹಪ್ಪಳದ ಚಾಪೆಯ ಅಂಚಿನವರೆಗೆ ಬಂದ. ಮಧ್ಯಾಹ್ನ ಪುನರ್ಪುಳಿ ಶರಬತ್ತು, ಸಂಜೆ ಕಾಡುಮಾವಿನ ಹಣ್ಣು. ಅಪ್ಪ ದಿನವೂ ಬೆಳಿಗ್ಗೆ ಮೊಮ್ಮಗಳನ್ನು ಗೇರುಗುಡ್ಡೆಗೆ ಕರೆದುಕೊಂಡು ಹೋಗುತ್ತಿದ್ದರು.

ನಮ್ಮ ಕೆಲಸ ಕೆಟ್ಟದ್ದು ಅಲ್ಲಿಯೇ. ಬಿದ್ದ ಹಣ್ಣಿನಿಂದ ಬೀಜವನ್ನು ತಿರುಚಿ ತೆಗೆಯುವುದು, ಮಧ್ಯಾಹ್ನ ತರಗೆಲೆಯ ಬೆಂಕಿಯಲ್ಲಿ ಸುಟ್ಟ ಬೀಜವನ್ನು ಕಲ್ಲಿನ ಮೇಲಿಟ್ಟು ಕುಟ್ಟಿ ತಿರುಳು ತೆಗೆಯುವುದು, ಎಲ್ಲವನ್ನೂ ಅವಳು ಅಜ್ಜನ ಜೊತೆ ಕುಳಿತು ಕಲಿತಳು. ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡೇ ಮುಟ್ಟಬೇಕು ಎಂದು ಅಪ್ಪ ಹೇಳಿದ್ದರು. ಮೊದಲ ದಿನ ಹಚ್ಚಿಕೊಂಡಳು, ಮರುದಿನ ಅಜ್ಜ ಎದ್ದು ಬರುವ ಮೊದಲೇ ಓಡಿದಳು. ಸಿಪ್ಪೆಯ ಸೊನೆ ಬೆರಳುಗಳಿಗೆ ತಾಗಿತು. ಮೊದಲು ಬೆರಳ ತುದಿಗಳು ಕಂದಿದವು, ಮೂರನೆಯ ದಿನಕ್ಕೆ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಚರ್ಮ ತೆಳುವಾದ ಈರುಳ್ಳಿ ಸಿಪ್ಪೆಯಂತೆ ಎದ್ದು ಬರಲಾರಂಭಿಸಿತು. ಉರಿ ಹೆಚ್ಚಿರಲಿಲ್ಲ. ವೈದ್ಯರು ನೋಡಿ, ತಾನಾಗಿ ಉದುರಲಿ, ಕೀಳಬೇಡಿ ಎಂದು ಮುಲಾಮು ಕೊಟ್ಟರು. ನಮ್ಮ ಕಡೆಯ ಮಕ್ಕಳಿಗೆ ಇದು ಹೊಸದಲ್ಲ, ನನ್ನ ಬಾಲ್ಯದಲ್ಲಿಯೂ ಪ್ರತಿ ಬೇಸಿಗೆ ಹೀಗಾಗುತ್ತಿತ್ತು. ಆದರೆ ನನ್ನ ಬಾಲ್ಯದಲ್ಲಿ ಬೆರಳಚ್ಚು ಕೇಳುವ ಯಂತ್ರವಿರಲಿಲ್ಲ.

ಐದು ವರ್ಷದೊಳಗಿನ ಮಕ್ಕಳಿಗೆ ಕೊಡುವ ನೀಲಿ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತು ಇರುವುದಿಲ್ಲ, ಫೋಟೊ ಮಾತ್ರ. ಐದು ವರ್ಷ ತುಂಬಿದ ಮೇಲೆ ಹತ್ತು ಬೆರಳುಗಳ ಅಚ್ಚು, ಎರಡೂ ಕಣ್ಣುಗಳ ಗುರುತು ಮತ್ತು ಹೊಸ ಫೋಟೊ ಕೊಟ್ಟು ನವೀಕರಿಸಲೇಬೇಕು. ಹದಿನೈದರಲ್ಲಿ ಇನ್ನೊಮ್ಮೆ ಮಾಡಿಸಬೇಕು. ಐದರಿಂದ ಏಳು ವರ್ಷದೊಳಗೆ ಮಾಡಿಸಿದರೆ ಇದಕ್ಕೆ ಶುಲ್ಕವಿಲ್ಲ. ಮಗಳದು ಆ ಅವಧಿಯಲ್ಲಿಯೇ ಇತ್ತು. ಏಪ್ರಿಲ್ 28ರಂದು ಉಡುಪಿಯ ಆಧಾರ್ ಕೇಂದ್ರವೊಂದಕ್ಕೆ ಮಗನ ಹೊಸ ನೋಂದಣಿ ಮತ್ತು ಮಗಳ ನವೀಕರಣ ಎರಡನ್ನೂ ಒಂದೇ ದಿನ ಮುಗಿಸೋಣವೆಂದು ಹೋದೆವು. ಟೋಕನ್ ಕೊಡುವುದು ಒಂಬತ್ತೂವರೆಗೆ. ಎಂಟಕ್ಕೆ ಹೋದ ನಮಗೆ ಹದಿನೇಳನೆಯ ಸಂಖ್ಯೆ ಸಿಕ್ಕಿತು. ರಜೆಯಾದ್ದರಿಂದ ಎಲ್ಲರೂ ಮಕ್ಕಳನ್ನು ಕರೆತಂದಿದ್ದರು, ಫ್ಯಾನು ಒಂದೇ ಇತ್ತು. ಮಗನಿಗಾಗಿ ಫ್ಲಾಸ್ಕಿನಲ್ಲಿ ಬಿಸಿನೀರು, ಡಬ್ಬಿಯಲ್ಲಿ ರಾಗಿ ಮಣ್ಣಿ ಒಯ್ದದ್ದು ಬಹಳ ಉಪಕಾರವಾಯಿತು. ಎಳೆಮಕ್ಕಳನ್ನು ಕರೆದೊಯ್ಯುವವರು ಕನಿಷ್ಠ ಅರ್ಧ ದಿನಕ್ಕೆ ಬೇಕಾದಷ್ಟು ಆಹಾರ, ಬದಲಿ ಬಟ್ಟೆ ಮತ್ತು ಹಾಸಲು ಒಂದು ಪಂಚೆಯನ್ನು ಒಯ್ಯಲೇಬೇಕು.

ಒಂದು ಗಂಟೆಗೆ ನಮ್ಮ ಸರದಿ ಬಂತು. ಮಗನದು ಹತ್ತು ನಿಮಿಷದಲ್ಲಿ ಮುಗಿಯಿತು. ಹೆಸರು ಸೇರಿಸಿದ ಜನನ ಪ್ರಮಾಣಪತ್ರದ ಮೂಲಪ್ರತಿ, ನನ್ನ ಆಧಾರ್, ನನ್ನ ಬೆರಳಚ್ಚು ಸಾಕಾಯಿತು. ಫೋಟೊಕ್ಕೆ ಬಿಳಿ ಪರದೆಯ ಮುಂದೆ ಅವನನ್ನು ಹಿಡಿದುಕೊಂಡಾಗ ಅವನು ಅಕ್ಕನತ್ತಲೇ ತಿರುಗುತ್ತಿದ್ದ. ಅಕ್ಕ ಹೋಗಿ ಕ್ಯಾಮರಾದ ಹಿಂದೆ ನಿಂತಳು, ಆಗ ನೇರವಾಗಿ ನೋಡಿದ. ಬಳಿಕ ಮಗಳು ತಾನು ದೊಡ್ಡವಳೆಂಬ ಗಾಂಭೀರ್ಯದಿಂದ ಕುರ್ಚಿಯೇರಿದಳು. ಕಣ್ಣಿನ ಗುರುತು ಬಂತು, ಎಡಗೈ ಬಂತು. ಬಲಗೈಯನ್ನು ಗಾಜಿನ ಮೇಲೆ ಇಟ್ಟಾಗ ಪರದೆಯಲ್ಲಿ ಮೂರು ಬೆರಳುಗಳ ಜಾಗದಲ್ಲಿ ಬಿಳಿ ಮಚ್ಚೆಗಳಷ್ಟೇ ಕಂಡವು. ಒರೆಸಿ ನೋಡಿದರು, ಒದ್ದೆ ಬಟ್ಟೆಯಿಂದ ತೇವ ಮಾಡಿ ನೋಡಿದರು, ಐದಾರು ಬಾರಿ ಪ್ರಯತ್ನಿಸಿದರು. ಕೊನೆಗೆ ಅಲ್ಲಿದ್ದ ಯುವಕ ಅವಳ ಬೆರಳು ಹಿಡಿದು ನೋಡಿ, "ಗೇರುಬೀಜ ಅಲ್ವಾ ಅಕ್ಕಾ? ಚರ್ಮ ಪೂರ್ತಿ ಬರಲಿ, ಎರಡು ವಾರ ಬಿಟ್ಟು ಬನ್ನಿ. ಈಗ ಅರೆಬರೆ ಅಚ್ಚು ತೆಗೆದುಕೊಂಡರೆ ಮುಂದೆ ನಿಮಗೇ ತೊಂದರೆ" ಎಂದರು. ಅವರ ಮಾತು ನ್ಯಾಯವಾಗಿತ್ತು. ಆದರೆ ಮಗಳ ಕಣ್ಣು ತುಂಬಿ ಬಂದಿತ್ತು. ತನ್ನ ಬೆರಳು ಹಾಳಾಗಿದೆ, ಇನ್ನು ಶಾಲೆಗೆ ಸೇರಿಸಿಕೊಳ್ಳುವುದಿಲ್ಲ ಎಂದು ಅವಳು ತಿಳಿದುಕೊಂಡಿದ್ದಳು. ಮನೆಗೆ ಬರುವ ದಾರಿಯಲ್ಲಿ ಗಡ್‌ಬಡ್ ಐಸ್‌ಕ್ರೀಂ ಕೊಡಿಸಿದರೂ ಬೆರಳನ್ನು ಮಡಚಿಕೊಂಡೇ ಇದ್ದಳು. ಆ ಸಂಜೆ ಅವಳ ಪಕ್ಕದಲ್ಲಿ ಮಲಗಿ, ಚರ್ಮ ಹೊಸದಾಗಿ ಬರುವ ಬಗೆಯನ್ನು ನನಗೆ ತಿಳಿದ ಮಟ್ಟಿಗೆ ವಿವರಿಸಿದೆ. ಪ್ರತಿದಿನ ಬೆಳಿಗ್ಗೆ ಬೆರಳು ನೋಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಎಂದು ನಿಶ್ಚಯಿಸಿಕೊಂಡೆವು. ಕರಾವಳಿಯ ತಂದೆತಾಯಿಯರು ಬೆರಳಚ್ಚಿನ ಕೆಲಸವನ್ನು ಮಾರ್ಚ್‌ನಲ್ಲಿಯೇ, ಮಕ್ಕಳು ಅಜ್ಜಿಮನೆಗೆ ಹೊರಡುವ ಮುನ್ನವೇ ಮುಗಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಏಪ್ರಿಲ್ 30ರ ಅಕ್ಷಯ ತೃತೀಯದಂದು ಕೊಲ್ಲೂರಿಗೆ ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ವಿದ್ಯಾರಂಭಕ್ಕೆ ಅಲ್ಲಿ ವಿಜಯದಶಮಿಯನ್ನೇ ಕಾಯಬೇಕಾಗಿಲ್ಲ, ಸರಸ್ವತಿ ಮಂಟಪದಲ್ಲಿ ಎಲ್ಲ ದಿನಗಳಲ್ಲಿಯೂ ನಡೆಯುತ್ತದೆ. ಹಾಗಿರುವಾಗ ಜನಸಂದಣಿಯ ದಿನವನ್ನು ಆರಿಸಿಕೊಂಡದ್ದು ನಮ್ಮ ತಪ್ಪು ನಿರ್ಧಾರ. ಚಿಕ್ಕ ಮಕ್ಕಳಿದ್ದರೆ ವಾರದ ನಡುವಿನ ಸಾಮಾನ್ಯ ದಿನವೇ ಮೇಲು. ಹೆಮ್ಮಾಡಿಯಿಂದ ಒಳಕ್ಕೆ ತಿರುಗಿ ವಂಡ್ಸೆ ದಾಟಿದ ಮೇಲಿನ ತಿರುವುಗಳಲ್ಲಿ ಮಗಳಿಗೆ ವಾಂತಿಯಾಯಿತು. ಸಾಲಿನಲ್ಲಿ ಎರಡು ಗಂಟೆಗೂ ಮೀರಿ ನಿಂತೆವು. ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ಅರ್ಚಕರು ಅವಳ ತೋರುಬೆರಳನ್ನು ಹಿಡಿದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು. ಅವರು ಬೆರಳನ್ನು ತಿರುಗಿಸಿ ನೋಡಿ, ನೋಯುತ್ತದೆಯೇ ಎಂದು ಕೇಳಿದರು. ಇಲ್ಲ ಎಂದು ತಲೆಯಾಡಿಸಿದಳು. ಸಿಪ್ಪೆ ಸುಲಿದು ಗುಲಾಬಿ ಬಣ್ಣಕ್ಕೆ ತಿರುಗಿದ್ದ ಆ ತುದಿ ಅಕ್ಕಿಯ ಕಾಳುಗಳನ್ನು ಸರಿಸುತ್ತಾ ಓಂಕಾರ ಬರೆಯಿತು, ಹಿಂದೆಯೇ ಅಕ್ಷರಗಳು ಬಂದವು. ಎರಡು ವರ್ಷದಿಂದ ಪೆನ್ಸಿಲ್ ಹಿಡಿದು ಬರೆಯುತ್ತಿರುವ ಮಗು ಅವಳು. ಆದರೂ ಆ ಅಕ್ಕಿಯ ಮೇಲಿನ 'ಅ'ವನ್ನು ನೋಡುವಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ, ಪಕ್ಕದಲ್ಲಿದ್ದ ಅತ್ತೆಯವರಿಗೂ ಆಗಲಿಲ್ಲ. ಬರೆದ ಅಕ್ಕಿಯನ್ನು ಕಟ್ಟಿಕೊಂಡು ಬಂದು ಮರುದಿನ ಮನೆಯಲ್ಲಿ ಪಾಯಸ ಮಾಡಿದೆವು.

ಮೇ 5ರಂದು ನೋಂದಣಿ ಕಚೇರಿಗೆ ಫೋನ್ ಮಾಡಿದಾಗ ಸಿದ್ಧವಾಗಿದೆ ಎಂದರು. ಮರುದಿನ ಪತಿ ರಜೆ ಹಾಕಿ ಹೋದರು, ನಾವೂ ಜೊತೆಗೂಡಿದೆವು. ಈ ಬಾರಿ ಪ್ರಮಾಣಪತ್ರವನ್ನು ಕೌಂಟರಿನ ಮುಂದೆಯೇ ನಿಂತು ಇಬ್ಬರೂ ಓದಿದೆವು. ಮಗಳ ಹೆಸರು ಸರಿಯಿತ್ತು, ಪತಿಯ ಹೆಸರು ಸರಿಯಿತ್ತು, ಆದರೆ ವಿಳಾಸದಲ್ಲಿ ಮನೆಯ ಸಂಖ್ಯೆಯ ಒಂದು ಅಂಕಿ ಬದಲಾಗಿತ್ತು. ಅಲ್ಲಿಯೇ ತೋರಿಸಿದ್ದರಿಂದ ಅರ್ಧ ಗಂಟೆಯಲ್ಲಿ ಸರಿಪಡಿಸಿ ಬೇರೆ ಪ್ರತಿ ಕೊಟ್ಟರು. ಮನೆಗೆ ತಂದ ಮೇಲೆ ಕಂಡಿದ್ದರೆ ಮತ್ತೊಂದು ದಿನ, ಮತ್ತೊಮ್ಮೆ ಪೆಟ್ರೋಲು. ಐದು ಹೆಚ್ಚುವರಿ ಪ್ರತಿಗಳನ್ನೂ ಪಡೆದುಕೊಂಡೆವು. ಸಮಾಧಾನದಿಂದ ಹೊರಬಂದು, ಹೋಗುವ ದಾರಿಯಲ್ಲಿಯೇ ಇದ್ದ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋದೆವು. 1430ರಲ್ಲಿ ಕಟ್ಟಿದ ಆ ಬಸದಿಯ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂದು ಅಪ್ಪ ಹೇಳಿದ್ದನ್ನು ಪರೀಕ್ಷಿಸುತ್ತಾ ಮಗಳು ಕಂಬದಿಂದ ಕಂಬಕ್ಕೆ ಓಡಿದಳು. ತಂಪಾದ ಆ ಕಲ್ಲುಹಾಸಿನ ಮೇಲೆ ಮಗ ನಿದ್ದೆ ಹೋದ.

ಕ್ಯಾಲೆಂಡರಿನ ಗುರುತುಗಳು ಹದಿನಾರಾದವು. ಮೇ 14ರಂದು ಮತ್ತೆ ಆಧಾರ್ ಕೇಂದ್ರಕ್ಕೆ ಹೋದೆವು. ಹಿಂದಿನ ರಾತ್ರಿ ಅವಳ ಬೆರಳುಗಳಿಗೆ ತೆಂಗಿನೆಣ್ಣೆ ಹಚ್ಚಿ, ಬೆಳಿಗ್ಗೆ ಸಾಬೂನಿನಿಂದ ತೊಳೆದು ಒರೆಸಿದ್ದೆ. ಈ ಸಲ ಏಳಕ್ಕೇ ಹೋಗಿ ನಾಲ್ಕನೆಯ ಟೋಕನ್ ಪಡೆದೆವು. ಬಲಗೈ ಎರಡನೆಯ ಪ್ರಯತ್ನದಲ್ಲಿ ಬಂತು. ಪರದೆಯಲ್ಲಿ ತನ್ನ ಬೆರಳಿನ ಸುತ್ತು ಸುತ್ತು ಗೆರೆಗಳನ್ನು ಕಂಡಾಗ ಅವಳು ನನ್ನ ಸೆರಗು ಹಿಡಿದು ಜಗ್ಗಿ ತೋರಿಸಿದಳು. ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆ, ದಿನಾಂಕ ಮತ್ತು ಸಮಯವಿರುವ ಚೀಟಿಯನ್ನು ಕೊಟ್ಟರು. ಆ ಸಂಖ್ಯೆಯಿಂದಲೇ ಕೆಲಸ ಎಲ್ಲಿಯವರೆಗೆ ಬಂದಿದೆ ಎಂದು ನೋಡಬಹುದಾದ್ದರಿಂದ ಅದನ್ನು ಕಳೆದುಕೊಳ್ಳಬೇಡಿ.

ಆ ಶನಿವಾರ ಮಲ್ಪೆಗೆ ಹೋದೆವು. ಸೈಂಟ್ ಮೇರೀಸ್ ದ್ವೀಪವನ್ನು ತೋರಿಸುತ್ತೇವೆ ಎಂದು ಮಗಳಿಗೆ ಏಪ್ರಿಲ್‌ನಿಂದ ಮಾತು ಕೊಟ್ಟಿದ್ದೆವು. ಕಚೇರಿಗಳ ಓಡಾಟದಲ್ಲಿ ದಿನ ತಳ್ಳುತ್ತಾ ಬಂದು, ಕೊನೆಗೆ ಹೋದಾಗ ಕಡಲು ಏರಿದ್ದುದರಿಂದ ದೋಣಿ ಬಿಡುತ್ತಿರಲಿಲ್ಲ. ಮಳೆಗಾಲ ಮುಗಿಯುವವರೆಗೆ ದ್ವೀಪಕ್ಕೆ ಹೋಗುವಂತಿಲ್ಲ. ರಜೆಯಲ್ಲಿ ಅಲ್ಲಿಗೆ ಹೋಗುವವರು ಏಪ್ರಿಲ್‌ನಲ್ಲಿಯೇ ಹೋಗಿಬಿಡಬೇಕು. ದಡದಿಂದಲೇ ದ್ವೀಪದ ತೆಂಗಿನ ಸಾಲನ್ನು ತೋರಿಸಿ, ಅಲ್ಲಿಯ ಕಲ್ಲುಗಳು ಆರು ಮೂಲೆಯ ಕಂಬಗಳಂತೆ ನಿಂತಿವೆ, ಭೂಮಿಯೊಳಗಿನ ಕುದಿಯುವ ಲಾವಾ ಹೊರಬಂದು ಆರುವಾಗ ಬಿರಿದು ಹಾಗಾದದ್ದು ಎಂದು ಅವಳಪ್ಪ ವಿವರಿಸಿದರು. ಮಗನ ಪಾದಗಳಿಗೆ ಮೊದಲ ಬಾರಿ ತೆರೆ ಸೋಕಿತು. ಕಾಲೆಳೆದುಕೊಂಡು ನನ್ನ ಕತ್ತನ್ನು ಅಪ್ಪಿದ, ತೆರೆ ಹಿಂದೆ ಸರಿದಾಗ ಬಗ್ಗಿ ಅದನ್ನು ಹುಡುಕಿದ.

ಮೇ 22ರ ಗುರುವಾರ ಮಗನಿಗೆ ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದೆವು. ಮಗಳಿಗೂ ಐದು ವರ್ಷದ ಡಿಪಿಟಿ ಬೂಸ್ಟರ್ ಅದೇ ದಿನ ಆಯಿತು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇವೆರಡೂ ಉಚಿತ. ಐದು ವರ್ಷದ ಬೂಸ್ಟರ್ ಬಹಳ ಮಂದಿಗೆ ಮರೆತುಹೋಗುತ್ತದೆ, ಶಾಲೆಗೆ ಸೇರಿಸುವ ಮುನ್ನ ಕಾರ್ಡ್ ತೆಗೆದು ನೋಡಿಕೊಳ್ಳಿ. ಮಗಳಿಗೆ ತೋಳು ನೋವು ಬಂದು ಎರಡು ರಾತ್ರಿ ಮೈ ಬಿಸಿಯಾಗಿತ್ತು. ಮೇ 24ರ ಪತ್ತನಾಜೆಯಂದೇ (ತುಳುವರ ಬೇಷ ತಿಂಗಳ ಹತ್ತನೆಯ ದಿನ) ಮುಂಗಾರು ಕೇರಳವನ್ನು ತಲುಪಿತು. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲು. ನಮ್ಮಲ್ಲಿಯೂ ಮಳೆ ಹಿಡಿಯಿತು. ಒಣಗದ ಸಮವಸ್ತ್ರವನ್ನು ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸುತ್ತಾ, ಒಂದು ಕೈಯಲ್ಲಿ ಮೊಬೈಲ್ ಹಿಡಿದು ಆಧಾರ್‌ನ ಸ್ಥಿತಿ ನೋಡುವುದೇ ಆ ವಾರದ ನನ್ನ ಕೆಲಸವಾಯಿತು. 27ರ ರಾತ್ರಿ ನವೀಕರಣವಾಗಿದೆ ಎಂದು ಬಂತು.

ಒಟ್ಟು ಖರ್ಚನ್ನು ಬರೆದಿಟ್ಟಿದ್ದೇನೆ. ಅಫಿಡವಿಟ್, ಪ್ರತಿಗಳು, ಜೆರಾಕ್ಸ್, ಫೋಟೊ ಸೇರಿ ಸಾವಿರ ರೂಪಾಯಿಯೂ ಆಗಲಿಲ್ಲ. ಎರಡು ಜಿಲ್ಲೆಗಳ ನಡುವಿನ ಓಡಾಟದ ಪೆಟ್ರೋಲಿಗೆ ಅದರ ಮೂರು ಪಟ್ಟು ಹೋಯಿತು, ಪತಿಗೆ ಐದು ದಿನದ ರಜೆ ಹೋಯಿತು. ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ, ಕೊಡುವ ಅಗತ್ಯವೂ ಇಲ್ಲ. ಶಾಲೆಗೆ ಕೊಟ್ಟದ್ದು ಜನನ ಪ್ರಮಾಣಪತ್ರ, ಮಗಳ ಮತ್ತು ನಮ್ಮಿಬ್ಬರ ಆಧಾರ್ ಪ್ರತಿ, ಯುಕೆಜಿಯ ವರ್ಗಾವಣೆ ಪತ್ರ, ಲಸಿಕೆ ಕಾರ್ಡಿನ ಪ್ರತಿ ಮತ್ತು ಫೋಟೊಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಆಮೇಲೆ ಕೊಟ್ಟರೂ ಸಾಕು ಎಂದಿದ್ದರು, ಕೊನೆಯಲ್ಲಿ ಒಪ್ಪಿಸಿದ್ದು ಅದನ್ನೇ.

ಮಗಳು ಈಗ ರೈನ್‌ಕೋಟ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಳೆ. ಹೊಸ ಪುಸ್ತಕಗಳ ಲೇಬಲ್ಲಿನ ಮೇಲೆ ತನ್ನ ಹೆಸರನ್ನು ತಾನೇ ಬರೆದಿದ್ದಾಳೆ, ಎಚ್ ಅಕ್ಷರವನ್ನು ಸ್ವಲ್ಪ ದೊಡ್ಡದಾಗಿಯೇ. ಮಗನ ನೀಲಿ ಆಧಾರ್ ಅಂಚೆಯಲ್ಲಿ ಇನ್ನೂ ಬಂದಿಲ್ಲವಾದ್ದರಿಂದ ಇ-ಆಧಾರ್ ಮುದ್ರಿಸಿ ಕಡತದಲ್ಲಿ ಇಟ್ಟಿದ್ದೇನೆ. ನಿನ್ನೆ ಅಪ್ಪ ಫೋನ್ ಮಾಡಿ ಮೊಮ್ಮಗಳ ಬೆರಳು ಹೇಗಿದೆ ಎಂದು ಮತ್ತೆ ವಿಚಾರಿಸಿದರು. ಸುಟ್ಟು ಸುಲಿದ ಗೇರುಬೀಜವನ್ನು ಒಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಾರಂತೆ, ಬರುವ ಭಾನುವಾರ ತಮ್ಮ ಬರುವಾಗ ತರುತ್ತಾನೆ.